ಒಂಬತ್ತು ಜನಕ್ಕೆ ತೆರೆಯದ ಬಾಟಲಿ

ಲಸಿಕೆಯ ಉಸ್ತುವಾರಿ ಹೊತ್ತು ಕೂತಿರುವ ಮಾನ್ಯರೇ,

ನಮ್ಮ ಕೇರಿಯ ಎಂಟು ಜನ, ನನ್ನ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಗಂಡ ಹೆಂಡತಿ ಇಬ್ಬರು, ಒಟ್ಟು ಹತ್ತು ಮಂದಿಗೆ ತಾವು ಇಂದಿನವರೆಗೂ ಕೊರೊನಾ ಲಸಿಕೆ ಹಾಕಿಲ್ಲ. ಹಾಕದೆ ಇರುವುದಕ್ಕೆ ತಮ್ಮ ಕಚೇರಿ ಕೊಟ್ಟ ಕಾರಣ, ನಾವು ಒಂಬತ್ತು ಮಂದಿ ಎಂಬುದು. ಹತ್ತು ಒಂಬತ್ತಾಗಿದ್ದು ಹೇಗೆ, ಒಂಬತ್ತಾದರೆ ಸೂಜಿಗೇನು ಕಷ್ಟ, ಈ ಎರಡು ಪ್ರಶ್ನೆ ಕೇಳೋಣವೆಂದು ಫೋನ್ ಮಾಡಿದರೆ ಫೋನು ಮೊದಲು ತಾನೇ ಕೆಮ್ಮುತ್ತದೆ. ಆಮೇಲೆ ಕೈ ತೊಳೆಯಿರಿ ಎನ್ನುತ್ತದೆ. ನಿಮ್ಮ ಸರದಿ ಬಂದಾಗ ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ ಎಂದು ಬುದ್ಧಿ ಹೇಳುತ್ತದೆ. ಕೊನೆಗೆ ಯಾರೂ ಎತ್ತುವುದಿಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕುಪ್ಪಗಡ್ಡೆ ಕಡೆಯ ಒಬ್ಬ ಭತ್ತದ ರೈತ. ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಬಾಯಿ ಸ್ವಲ್ಪ ಜೋರು ಎಂದು ಮನೆಯವರು ಹೇಳುತ್ತಾರೆ. ತಾವೂ ಒಂದು ಪ್ರಶ್ನೆ ಕೇಳಬಹುದು: ನಿಮ್ಮೂರಿಗೆ ಒಮ್ಮೆ ಲಸಿಕೆ ಬಂದಿತ್ತಲ್ಲ, ಆಗ ಎಲ್ಲಿ ಹೋಗಿದ್ದಿರಿ? ನಿಜ, ಬಂದಿತ್ತು. ಅವತ್ತು ಬೆಳಿಗ್ಗೆ ಶಾಲೆಯ ಕಡೆ ತಲೆ ಹಾಕಿದವರು ಕಡಿಮೆ. ಸೂಜಿ ಹಾಕಿಸಿಕೊಂಡವರು ಎರಡು ವರ್ಷಕ್ಕೆ ಗೊಟಕ್ ಅಂತಾರಂತೆ ಎಂದು ಮೊಬೈಲಿನಲ್ಲಿ ಸುದ್ದಿ ಓಡಾಡುತ್ತಿತ್ತು. ಆಶಾ ಕಾರ್ಯಕರ್ತೆ ನಯನ ಮನೆ ಮನೆ ತಿರುಗಿ ಕೈ ಮುಗಿದು ಕರೆದಳು. ಧೈರ್ಯವಿದ್ದವರು ಹೋದರು. ಹೋದವರು ಮನೆಗೆ ವಾಪಸು ಬಂದು ಊಟ ಮಾಡಿ, ಬೈದಾಡಿಕೊಂಡು ಎಂದಿನಂತೆ ಇದ್ದಾರೆ ಎಂದು ಖಾತ್ರಿ ಮಾಡಿಕೊಂಡು ನಾವು ಎಂಟು ಜನ ಹೊರಟೆವು. ಬಾಗಿಲಿಗೆ ಹೋಗುವಷ್ಟರಲ್ಲಿ ಔಷಧ ಖಾಲಿ. ನಾವು ಹೆದರಿ ಕೂತದ್ದು ತಪ್ಪು, ಒಪ್ಪುತ್ತೇನೆ. ಆದರೆ ಸ್ವಾಮಿ, ಹೆದರಿಕೆ ಅವತ್ತು ಮಧ್ಯಾಹ್ನಕ್ಕೇ ಹೋಯಿತು. ಔಷಧ ಮಾತ್ರ ಇವತ್ತಿನವರೆಗೂ ಬರಲಿಲ್ಲ.

ಬರಲಿಲ್ಲವಾದರೆ ನಾವೇ ಹೋಗೋಣ ಎಂದರೆ ಅದಕ್ಕೂ ತಮ್ಮ ಸರ್ಕಾರ ಒಳ್ಳೆಯ ಏರ್ಪಾಡು ಮಾಡಿದೆ. ಅಂಗಡಿ ಮುಂಗಟ್ಟು ಬೆಳಿಗ್ಗೆ ಆರರಿಂದ ಹತ್ತು. ಹತ್ತರ ಮೇಲೆ ರಸ್ತೆಗೆ ಬಂದವರಿಗೆ ಲಾಠಿ. ಲಸಿಕೆ ಕೇಂದ್ರ ತೆರೆಯುವುದು ಹತ್ತಕ್ಕೆ. ಬಸ್ಸು ಇಲ್ಲ. ನನ್ನ ಹಳೇ ಬೈಕಿನಲ್ಲಿ ಮನೆಯಾಕೆಯನ್ನು ಕೂರಿಸಿಕೊಂಡು ಒಂದು ದಿನ ಆನವಟ್ಟಿ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಪೊಲೀಸಿನವರು ಕೈ ಅಡ್ಡ ಹಾಕಿದರು.

"ಎಲ್ಲಿಗ್ರೀ ಯಜಮಾನ್ರೆ ಸವಾರಿ?"

"ಲಸಿಕೆ ಹಾಕಿಸ್ಕಳಾಕೆ."

"ಮೆಸೇಜ್ ತೋರ್ಸಿ."

"ಹಾಕಿಸ್ಕಂಡ ಮೇಲಲ್ವೇನ್ರೀ ಮೆಸೇಜ್ ಬರಾದು?"

"ಹಂಗಾರೆ ಬಂದ ಮೇಲೆ ಬರ್ರಿ."

ನನ್ನ ಹೆಂಡತಿ ಮಹಾದೇವಮ್ಮ ಹಿಂದಿನ ಸೀಟಿನಿಂದಲೇ, "ಮದುವಿಗೆ ಮೊದ್ಲು ಮಕ್ಳನ್ನ ತೋರ್ಸಿ ಅಂದಂಗಾತು ಬಿಡಿ" ಎಂದಳು. ಪೊಲೀಸಪ್ಪ ನಕ್ಕುಬಿಟ್ಟ, ಆದರೆ ಬಿಡಲಿಲ್ಲ. ಇನ್ನೊಂದು ದಿನ ಹೇಗೋ ಒಳದಾರಿ ಹಿಡಿದು ಕೇಂದ್ರ ಮುಟ್ಟಿದೆವು. ಬಾಗಿಲಿಗೆ 'ಇಂದು ಸ್ಟಾಕ್ ಇಲ್ಲ' ಎಂಬ ಬೋರ್ಡು ತೂಗಾಡುತ್ತಿತ್ತು. ಆ ಬೋರ್ಡಿಗೆ ಒಳ್ಳೆಯ ಬಣ್ಣ ಹೊಡೆಸಿ, ಲ್ಯಾಮಿನೇಟ್ ಮಾಡಿಸಿದ್ದರು. ಒಂದು ದಿನದ ಮಟ್ಟಿಗೆ ಯಾರೂ ಲ್ಯಾಮಿನೇಟ್ ಮಾಡಿಸುವುದಿಲ್ಲ ಎಂದು ಅವತ್ತೇ ನನಗೆ ಅನುಮಾನ ಬಂದಿತ್ತು.

ಇನ್ನು ಕುರಿಗಳ ವಿಷಯ. ತಾವು ಪೇಟೆಯವರಾಗಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ಭತ್ತ ಕೊಯ್ದ ಮೇಲೆ ಶಿಕಾರಿಪುರದ ಬಯಲು ಕಡೆಯಿಂದ ಕುರಿಯವರು ನಮ್ಮ ಸೊರಬದ ಕಡೆಗೆ ಬರುತ್ತಾರೆ. ಹಗಲು ಮೇಯಿಸಿ, ರಾತ್ರಿ ಒಬ್ಬೊಬ್ಬರ ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸುತ್ತಾರೆ. ಇದಕ್ಕೆ ಕುರಿ ತರುಬುವುದು ಎನ್ನುತ್ತೇವೆ. ಗದ್ದೆಗೆ ಗೊಬ್ಬರ, ಅವರಿಗೆ ಅಕ್ಕಿ. ಉಜ್ಜಪ್ಪ ಎಂಬಾತ ತನ್ನ ಹೆಂಡತಿ ನಿಂಗಮ್ಮನ ಜೊತೆ ವರ್ಷ ವರ್ಷ ನನ್ನ ಗದ್ದೆಗೆ ಬರುತ್ತಾನೆ. ಅವನ ಅಪ್ಪ ನನ್ನ ಅಪ್ಪನ ಗದ್ದೆಗೆ ಬರುತ್ತಿದ್ದ. ಎರಡು ರಾತ್ರಿ ನಿಲ್ಲಿಸಿ ಮುಂದಿನವರ ಗದ್ದೆಗೆ ಹೋಗುವುದು ವಾಡಿಕೆ. ಮುಂಗಾರು ಹಿಡಿಯುವ ಮೊದಲು ಊರು ಸೇರಿಬಿಡುತ್ತಾರೆ. ನಮ್ಮ ಕಡೆಯ ಜಡಿಮಳೆ ಕುರಿಗೆ ಆಗಿಬರುವುದಿಲ್ಲ. ಗೊರಸು ಕೊಳೆಯುತ್ತದೆ, ಮರಿಗಳು ಶೀತ ಹಿಡಿದು ಸಾಯುತ್ತವೆ.

ಈ ವರ್ಷವೂ ಎರಡು ರಾತ್ರಿಗೆಂದೇ ಬಂದರು. ಅಷ್ಟರಲ್ಲಿ ಲಾಕ್‌ಡೌನ್. ಊರೂರಿಗೆ ಮುಳ್ಳುಬೇಲಿ ಬಿತ್ತು. ನಮ್ಮೂರವರೂ ಹಾಕಿದರು, ಅದರಲ್ಲಿ ನಾವೇನು ಕಮ್ಮಿ? ಉಜ್ಜಪ್ಪ ಮುಂದಿನೂರಿಗೆ ಹೋದರೆ ಬೇಲಿಯ ಆಚೆ ಕೂತವರು, "ಅಜ್ಜ, ಸೂಜಿ ಹಾಕಿಸ್ಕಂಡೀಯಾ? ಹಾಕಿಸ್ಕಂಡಿದ್ರೆ ಬಾ, ಇಲ್ಲಾಂದ್ರೆ ಬಂದ ದಾರಿ ಹಿಡಿ" ಎಂದರು. ಬಂದ ದಾರಿಯಲ್ಲಿದ್ದ ಊರಿನವರೂ ಅದನ್ನೇ ಹೇಳಿದರು. ಹೀಗೆ ಇತ್ತ ದರಿ ಅತ್ತ ಪುಲಿ ಎಂದಾಗಿ, ಆ ಮಂದೆ ನನ್ನ ಗದ್ದೆಯಲ್ಲೇ ಬೀಡು ಬಿಟ್ಟಿತು. ತಮ್ಮ ದಯೆಯಿಂದ ನನ್ನ ಗದ್ದೆಗೆ ಇನ್ನು ಮೂರು ವರ್ಷಕ್ಕೆ ಸಾಲುವಷ್ಟು ಗೊಬ್ಬರ ಬಿದ್ದಿದೆ. ಈ ಮಣ್ಣಿಗೆ ಭತ್ತ ಹಾಕಿದರೆ ಕಾಳು ಕಟ್ಟುವುದಿಲ್ಲ, ಆಳೆತ್ತರ ಹುಲ್ಲು ಬೆಳೆದು ಅಡ್ಡ ಬೀಳುತ್ತದೆ. ಲಸಿಕಾ ಅಭಿಯಾನದಿಂದ ಕೃಷಿಗಾದ ಲಾಭ ಎಂದು ಯಾವುದಾದರೂ ವರದಿಯಲ್ಲಿ ಸೇರಿಸುವುದಿದ್ದರೆ ನನ್ನ ಗದ್ದೆಯ ಫೋಟೊ ಕಳಿಸಿಕೊಡುತ್ತೇನೆ.

ಉಜ್ಜಪ್ಪ ತಾನೇ ಹೋಗಿ ಸೂಜಿ ಹಾಕಿಸಿಕೊಂಡು ಬರಬಹುದಿತ್ತಲ್ಲ ಎನ್ನುತ್ತೀರಾ? ಇಬ್ಬನಿ ಆರಿದ ಮೇಲೆ ಕುರಿ ಬಲೆಯಿಂದ ಹೊರಗೆ ಬಿಡಬೇಕು. ಹೊತ್ತು ಇಳಿಯುವವರೆಗೂ ಅವುಗಳ ಹಿಂದೆಯೇ ಇರಬೇಕು. ತಮ್ಮ ಕೇಂದ್ರ ತೆರೆದಿರುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಆದರೂ ನಿಂಗಮ್ಮ ಒಂದು ದಿನ ಗಂಡನಿಗೆ ಮಂದೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು ಒಂದು ಕೇಂದ್ರಕ್ಕೆ ನಡೆದೇ ಹೋಗಿದ್ದಳು. ಅಲ್ಲಿದ್ದವರು ಆಧಾರ್ ನೋಡಿ, "ನೀನು ಶಿಕಾರಿಪುರದ ಕಡೆಯೋಳು, ನಿಮ್ಮೂರಿಗೆ ಹೋಗಿ ಹಾಕಿಸ್ಕೊ" ಎಂದರಂತೆ. ಊರಿಗೆ ಹೋಗಬೇಕೆಂದರೆ ಸೂಜಿ ಆಗಿರಬೇಕು ಎನ್ನುತ್ತಾರೆ ದಾರಿಯ ಊರಿನವರು. ಸೂಜಿ ಆಗಬೇಕೆಂದರೆ ಊರಿಗೆ ಹೋಗಬೇಕು. ಇಷ್ಟು ಅಚ್ಚುಕಟ್ಟಾದ ಬೋನನ್ನು ಹೆಣೆಯಲು ತಮ್ಮ ಕಚೇರಿಯಲ್ಲಿ ಎಷ್ಟು ಜನ ಕೂತು ತಲೆ ಓಡಿಸಿದ್ದೀರೋ ಏನೋ.

ನಡುವೆ ಒಂದು ಬೆಳಿಗ್ಗೆ ಪಶುವೈದ್ಯರ ಕಡೆಯವರು ಬಂದರು. ಯಾರಿಗೆ? ಕುರಿಗಳಿಗೆ. ಉಜ್ಜಪ್ಪ ಹೇಳಿಕಳಿಸಿದ್ದನಂತೆ, ಬಿಸಿಲೇರುವ ಮೊದಲೇ ಗದ್ದೆಗೇ ಬಂದರು. ಒಂದೊಂದನ್ನೇ ಕಾಲಿನ ಸಂದಿಗೆ ಸಿಕ್ಕಿಸಿಕೊಂಡು ಚುಚ್ಚಿ, ಬೆನ್ನಿಗೆ ಒಂದು ಗೀಟು ಕೆಂಪು ಬಣ್ಣ ಎಳೆದು ಬಿಟ್ಟರು. ನೀನು ಯಾವ ತಾಲೂಕಿನ ಕುರಿ ಎಂದು ಕೇಳಲಿಲ್ಲ. ನಿಂಗಮ್ಮ ಅದನ್ನೇ ನೋಡುತ್ತಿದ್ದವಳು ನನ್ನ ಹೆಂಡತಿಗೆ ಬದುವಿನ ಮೇಲಿಂದಲೇ ಕೂಗಿ ಹೇಳಿದಳು: "ಅಮ್ಮಾರೆ, ಮೆಸೇಜು ಗಿಸೇಜು ಯಾಕ್ ಬೇಕು? ನಮ್ಗೂ ಹಿಂಗೇ ಬೆನ್ನಿಗೆ ಬಣ್ಣ ಬಳ್ದು ಬಿಟ್ರೆ ಊರೋರು ದೂರದಿಂದ್ಲೇ ನೋಡಿ ದಾರಿ ಬಿಡ್ತಾರೆ." ತಮ್ಮ ಲಸಿಕಾ ಆ್ಯಪು ಮಾಡಿದ ಎಂಜಿನಿಯರುಗಳಿಗೆ ಈ ಸಲಹೆ ತಲುಪಿಸಬೇಕಾಗಿ ಕೋರಿಕೆ.

ಮಹಾದೇವಮ್ಮ ಮತ್ತು ನಿಂಗಮ್ಮನ ಮಾತೆಲ್ಲ ಹೀಗೆ ಕೂಗಿನಲ್ಲೇ ನಡೆಯುತ್ತಿತ್ತು. ನನ್ನ ಹೆಂಡತಿ ಮೆಣಸು, ಶುಂಠಿ, ಅಮೃತಬಳ್ಳಿ ಕುದಿಸಿ ಎರಡು ಹೊತ್ತು ಕಷಾಯ ಮಾಡುತ್ತಾಳೆ. ಮನೆಯಲ್ಲಿ ಯಾರಾದರೂ ಸೀನಿದರೆ ಸಾಕು, ಒಂದು ಲೋಟ ಗಂಟಲಿಗೆ ಇಳಿಯುವವರೆಗೂ ಎದುರು ನಿಂತಿರುತ್ತಾಳೆ. ಅದನ್ನು ಕುಡಿದು ಕುಡಿದು ನನ್ನ ನಾಲಿಗೆಗೆ ಸಿಹಿ ಕಹಿಯ ಭೇದವೇ ಹೋಗಿದೆ. ನಾಲಿಗೆ ರುಚಿ ಹೋಗುವುದು ಕೊರೊನಾದ ಲಕ್ಷಣ ಎಂದು ಓದಿ, ಕೊರೊನಾ ಬಂತೋ ಕಷಾಯ ಹೆಚ್ಚಾಯಿತೋ ತಿಳಿಯದೆ ಎರಡು ದಿನ ಮೂಲೆ ಕೋಣೆ ಸೇರಿ ಕೂತಿದ್ದೆ. ಅದೇ ಕಷಾಯವನ್ನು ಆಕೆ ಒಂದು ತಂಬಿಗೆಯಲ್ಲಿ ತೆಗೆದುಕೊಂಡು ಹೋಗಿ ಬದುವಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ನಿಂಗಮ್ಮ ಬಂದು ಎತ್ತಿಕೊಳ್ಳುತ್ತಿದ್ದಳು. ಲಸಿಕೆ ಇಲ್ಲದವರು ಬದುಕಿಕೊಂಡ ಬಗೆ ಇದು. ತಂಬಿಗೆ ನಡುವೆ ಇಟ್ಟುಕೊಂಡು ದೂರದಿಂದ ಪ್ರೀತಿ ತೋರಿಸಬೇಕಾಗಿತ್ತು.

ಇಷ್ಟಾದ ಮೇಲೆ ನಯನ ತಮ್ಮ ಬಾಟಲಿಯ ಕಾನೂನು ನನಗೆ ತಿಳಿಸಿದಳು. ಒಂದು ಬಾಟಲಿಯಲ್ಲಿ ಹತ್ತು ಜನಕ್ಕೆ ಆಗುವಷ್ಟು ಔಷಧ ಇರುತ್ತದಂತೆ. ಒಮ್ಮೆ ತೆರೆದರೆ ಕೆಲವೇ ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿದರೆ ಮೇಲಿನವರು ಯಾಕೆ ಚೆಲ್ಲಿದಿರಿ ಎನ್ನುತ್ತಾರೆ. ಆದ್ದರಿಂದ ಹತ್ತು ತಲೆ ಆಗದ ಹೊರತು ಬಾಟಲಿ ಹೊರಡುವುದಿಲ್ಲ. ನಮ್ಮ ಕಡೆ ಇನ್ನೊಂದು ಬಗೆಯ ಬಾಟಲಿಯೂ ಸಿಗುತ್ತದೆ ಸ್ವಾಮಿ. ಲಾಕ್‌ಡೌನಿನಲ್ಲೂ ಬೆಳಿಗ್ಗೆ ಆರಕ್ಕೇ ಅದರ ಅಂಗಡಿ ಬಾಗಿಲು ತೆಗೆದಿರುತ್ತದೆ. ಅಲ್ಲಿ ಒಬ್ಬನೇ ಹೋದರೂ, ಇನ್ನೂ ಒಂಬತ್ತು ಜನರನ್ನು ಕರೆದುಕೊಂಡು ಬಾ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

"ನಮ್ಮ ಕೇರೀಲಿ ಉಳ್ದಿರೋರು ಎಂಟೇ ಜನ ದೊಡ್ಡಪ್ಪ. ಕುರಿಯೋರು ಇಬ್ರನ್ನೂ ಸೇರಿಸ್ಕಂಡ್ರೆ ಹತ್ತಾಗ್ತದೆ. ನಾನು ಆಫೀಸಿಗೆ ಕೇಳಿ ನೋಡ್ತೀನಿ" ಎಂದಳು ನಯನ. ಕೇಳಿದಳು. ಯಾವ ಪುಣ್ಯಾತ್ಮರ ಬಾಯಿಂದಲೋ ಹೂಂ ಎಂದು ಬಂತು. ಹೊರಗಿನವರಾದ್ದರಿಂದ ಖಾತ್ರಿ ಮಾಡಿಕೊಳ್ಳುತ್ತೇವೆ, ಅವರ ಫೋನ್ ನಂಬರ್ ಕೊಡಿ ಎಂದರಂತೆ, ಕೊಟ್ಟಳು. ಕೇರಿಗೆ ಹಬ್ಬದ ಕಳೆ ಬಂತು. ಉಬ್ಬಸದಿಂದ ರಾತ್ರಿಯೆಲ್ಲ ಕೂತೇ ಇರುವ ನಮ್ಮ ಶೇಷಪ್ಪ ಅವತ್ತು ಸಂಜೆ ಜಗಲಿಗೆ ಬಂದು ಎಲೆ ಅಡಿಕೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಹತ್ತೂ ಜನ ಶಾಲೆಯ ಜಗಲಿಯಲ್ಲಿ ದೂರ ದೂರ ಕೂತೆವು. ಉಜ್ಜಪ್ಪ ಒಗೆದ ರುಮಾಲು ಸುತ್ತಿದ್ದ. ನಿಂಗಮ್ಮ ಗಂಟಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಯಾವ ತೋಳಿಗೆ ಹಾಕುತ್ತಾರೆಂದು ನಯನಳನ್ನು ಎರಡು ಸಲ ಕೇಳಿದಳು. ಕುರಿಗಳನ್ನು ಬಲೆಯೊಳಗೇ ಬಿಟ್ಟು ಬಂದಿದ್ದರು. ಮೇಯುವ ಹೊತ್ತು ಮೀರಿ ಅವು ಅರಚುವುದು ಶಾಲೆಯವರೆಗೂ ಕೇಳುತ್ತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು, ಜೀಪು ಇಲ್ಲ. ನಯನ ಫೋನ್ ಮಾಡಿದಳು. ಆ ಕಡೆಯಿಂದ ಬಂದ ಉತ್ತರ ಅವಳ ಮುಖದ ಮೇಲೆಯೇ ಕಾಣುತ್ತಿತ್ತು.

"ಇಲ್ಲ ಸಾರ್, ಹತ್ತು ಜನ ಇದಾರೆ, ನನ್ನ ಕಣ್ಣೆದುರಿಗೇ ಕೂತಿದಾರೆ... ಹೌದು ಸಾರ್, ನಾನೇ ಎಣಿಸಿದೀನಿ... ಹಂಗಲ್ಲ ಸಾರ್..."

ನಿನ್ನೆ ಸಂಜೆಯೇ ಒಂಬತ್ತು ಎಂದು ಖಾತ್ರಿಯಾಗಿದೆಯಂತೆ. ಒಂಬತ್ತಕ್ಕೆ ಬಾಟಲಿ ಇಲ್ಲವಾದ್ದರಿಂದ ನಮ್ಮದನ್ನು ಬೇರೆ ಊರಿಗೆ ಕಳಿಸಿಯಾಗಿದೆಯಂತೆ. ಮಾನ್ಯರೇ, ಕಣ್ಣೆದುರು ಉಸಿರಾಡುತ್ತ ಕೂತವರು ಹತ್ತು, ತಮಗೆ ಖಾತ್ರಿಯಾದವರು ಒಂಬತ್ತು. ನಮ್ಮೊಳಗೆ ಇಲ್ಲದೆ ಇರುವವರು ಯಾರೆಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಜ್ಜಪ್ಪ ಮಾತ್ರ ನೆಲ ನೋಡುತ್ತಿದ್ದ.

"ಯಾರೋ ಸಾಹೇಬ್ರು ಫೋನ್ ಮಾಡಿದ್ರು ಗೌಡ್ರೆ" ಎಂದ ನಿಧಾನಕ್ಕೆ. "ಎಷ್ಟು ಜನ ಅದೀರಿ ಅಂದ್ರು. ನಾನೊಬ್ನೇ ಸ್ವಾಮಿ ಅಂದೆ. ಕುರಿ ಎಷ್ಟು ಅಂತ್ಲೂ ಕೇಳಿದ್ರು. ಒಂದ್ ನಾಕದಾವೆ ಅಂದೆ."

ನನ್ನ ಗದ್ದೆ ತುಂಬ ಅವನ ಕುರಿ! ಅವನ ಪಕ್ಕದಲ್ಲೇ ಕೂತ ಹೆಂಡತಿ! ನಾನು ರೇಗಿ ಅವನ ಮೇಲೆ ಎದ್ದುಬಿಟ್ಟೆ. ಆದರೆ ನನಗಿಂತ ಮೊದಲು ನಿಂಗಮ್ಮ ಶುರು ಮಾಡಿದಳು. "ಇಷ್ಟು ವರ್ಷ ನಿನ್ನ ಹಿಂದೆ ಗಂಟು ಹೊತ್ಕಂಡು ತಿರುಗಿದೋಳು ಲೆಕ್ಕಕ್ಕೇ ಇಲ್ಲೇನು? ನಾಕು ಕುರಿ ಇಟ್ಕಂಡೀಯ, ಒಬ್ಳು ಹೆಂಡ್ತಿ ಇಟ್ಕಳಾಕಾಗ್ಲಿಲ್ಲಾ?" ಮಹಾದೇವಮ್ಮ ಅವಳ ಪರ ನಿಂತು, ಈ ಗಂಡಸರ ಜಾತಿಯೇ ಇಷ್ಟು ಎಂದು ನನ್ನನ್ನೂ ಸೇರಿಸಿ ಬೈದಳು. ನಾನೇನು ಮಾಡಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಟ್ಟು ಇಳಿದ ಮೇಲೆ ನನಗೂ ಅರ್ಥವಾಯಿತು. ಕುರಿಯವರು ಎಣಿಕೆ ಹೇಳುವುದಿಲ್ಲ. ಎಷ್ಟಿವೆ ಎಂದು ಕೇಳಿದವರಿಗೆ, ಎಲ್ಲಿವೆ ಬಿಡಿ, ಬೆರಳೆಣಿಕೆ ಎನ್ನುತ್ತಾರೆ. ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ, ಮಂದೆ ಕರಗುತ್ತದೆ ಎಂಬ ನಂಬಿಕೆ. ಕುರಿಗೆ ಮಾತ್ರವಲ್ಲ, ಮಕ್ಕಳಿಗೆ, ಮನೆಯವರಿಗೆ, ಎಲ್ಲಕ್ಕೂ ಹಾಗೇ. ಆದರೂ ಇಂಥ ಹೊತ್ತಲ್ಲಿ ನಿಜ ಹೇಳಬಾರದಿತ್ತೇ ಎಂದು ಕೇಳಿದೆ. ಉಜ್ಜಪ್ಪ ಹೇಳಿದ್ದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು.

"ನಮ್ಮನ್ನ ಎಣಿಸಾಕೆ ಬಂದೋರು ಇಲ್ಲೀಮಟ ಯಾರೂ ಕೊಡಾಕೆ ಬಂದಿಲ್ಲ ಗೌಡ್ರೆ. ತಗಂಡು ಹೋಗಾಕೇ ಬಂದಿದಾರೆ. ಈ ಸಲ ಕೊಡಾಕೆ ಎಣಿಸ್ತಾರೆ ಅಂತ ನನಗೆಂಗೆ ಗೊತ್ತಾಗ್ಬೇಕು?"

ತಪ್ಪು ಅವನದೇ, ನಮ್ಮದಲ್ಲ ಎಂದು ತಾವು ಕಡತ ಮುಚ್ಚುವ ಮೊದಲು ನನ್ನದೊಂದು ಮಾತಿದೆ. ಕಾಡಿನ ಅಂಚಿನಲ್ಲಿ ಕುರಿ ಮೇಯಿಸಿದರೆ ತಲೆಗಿಷ್ಟು ಕೊಡು ಎನ್ನುವವರು, ರಸ್ತೆ ದಾಟಿಸಿದರೆ ಮರಿಯೊಂದು ಬಿಟ್ಟು ಹೋಗು ಎನ್ನುವವರು, ಇವರೆಲ್ಲ ಸೇರಿ ಅವನಿಗೆ ಕಲಿಸಿದ ಪಾಠ ಅದು. ಫೋನಿನಲ್ಲಿ ಗತ್ತಿನ ದನಿ ಕೇಳಿದ ಕೂಡಲೇ ಅವನ ನಾಲಿಗೆ ತನ್ನಷ್ಟಕ್ಕೆ ತಾನೇ ಎಣಿಕೆ ಇಳಿಸಿತು. ಅದೂ ಅಲ್ಲದೆ, ಈ ವ್ರತ ಉಜ್ಜಪ್ಪನೊಬ್ಬನದೇ? ತಾವೂ ಅದನ್ನೇ ಪಾಲಿಸುತ್ತಿಲ್ಲವೇ? ಈ ವಾರ ಎಷ್ಟು ಲಸಿಕೆ ಬಂದಿದೆ ಎಂದು ಕೇಳಿದರೆ, 'ಸಾಕಷ್ಟು' ಎನ್ನುತ್ತೀರಿ. ಎಷ್ಟು ಹಾಸಿಗೆ ಖಾಲಿ ಇದೆ ಎಂದರೆ, 'ಆತಂಕ ಬೇಡ' ಎನ್ನುತ್ತೀರಿ. ಎಷ್ಟು ಜನ ತೀರಿಕೊಂಡರು ಎಂದರೆ, 'ಪರಿಸ್ಥಿತಿ ನಿಯಂತ್ರಣದಲ್ಲಿದೆ' ಎನ್ನುತ್ತೀರಿ. ಇವು ಯಾವುದಾದರೂ ಅಂಕಿಯೇ? ಉಜ್ಜಪ್ಪ ಕನಿಷ್ಠ ನಾಲ್ಕು ಎಂದಾದರೂ ಹೇಳಿದ. ಅವನಿಗೆ ಮಂದೆಗೆ ದೃಷ್ಟಿಯಾದೀತೆಂಬ ಭಯ. ತಮ್ಮದು ಯಾರ ಕಣ್ಣಿನ ಭಯ? ಒಬ್ಬ ಕುರಿ ಕಾಯುವವನು ಒಂದು ತಲೆ ಮುಚ್ಚಿಟ್ಟರೆ ಹತ್ತು ಜನಕ್ಕೆ ಶಿಕ್ಷೆ. ಊರಿಗೂರನ್ನೇ ಮುಚ್ಚಿಟ್ಟವರಿಗೆ ಏನು ಶಿಕ್ಷೆ, ಕಾನೂನಿನ ಪುಸ್ತಕ ನೋಡಿ ಹೇಳುತ್ತೀರಾ?

ನಯನ ಮತ್ತೆ ತಮ್ಮ ಕಚೇರಿಯ ಹಿಂದೆ ಬಿದ್ದಳು. ಮುಂದಿನ ಸರದಿಯಲ್ಲಿ ನೋಡೋಣ ಎಂದರಂತೆ. ಸರದಿ ಯಾವಾಗ ಎಂದರೆ, ತಿಳಿಸುತ್ತೇವೆ ಎಂದರಂತೆ. ಅಷ್ಟರಲ್ಲಿ ಯಾರ ತಿಳಿಸುವಿಕೆಗೂ ಕಾಯದೆ ಮಳೆ ಬಂತು. ಗದ್ದೆಯಲ್ಲಿ ನೀರು ನಿಂತು ಗೊಬ್ಬರವೆಲ್ಲ ಕೆಸರಾಯಿತು. ಕುರಿಗಳು ನಿಂತಲ್ಲೇ ಕಾಲು ಬದಲಿಸುತ್ತ ಒದ್ದಾಡಿದವು. ಮಹಾದೇವಮ್ಮ ಅಂತರ ಗಿಂತರ ಎಲ್ಲ ಮರೆತು ಮರಿಗಳನ್ನು ನಮ್ಮ ಕೊಟ್ಟಿಗೆಗೆ ತರಿಸಿಕೊಂಡು ಒಲೆಯ ಬಿಸಿಬೂದಿ ಹರವಿದಳು. ಆದರೂ ಕೆಲವು ಉಳಿಯಲಿಲ್ಲ. ಹೇಗಾದರೂ ಮಾಡಿ ಹೊರಟುಬಿಡು ಮಾರಾಯ, ಗದ್ದೆ ಬದುವಿನಲ್ಲೇ ನುಸುಳಿಕೊಂಡು ಬಯಲು ಕಡೆ ಸೇರಿಕೊ ಎಂದೆ. ಉಜ್ಜಪ್ಪ ಕಂಬಳಿಯ ಕೊಪ್ಪೆಯೊಳಗಿನಿಂದ ತಲೆ ಅಲ್ಲಾಡಿಸಿದ.

"ನನ್ನ ಬಾಯಿಂದ ನಿಮ್ಮೆಲ್ಲಾರ ಸೂಜಿ ಹೋತು. ಬಾಟ್ಲಿ ಬರಾಮಟ ನಾ ಅಲುಗಾಡಾದಿಲ್ಲ. ನಾವಿಬ್ರು ಹೋದ್ರೆ ನೀವು ಎಂಟೇ ಆಕ್ತೀರಿ. ಎಂಟಕ್ಕೆ ಯಾರು ತರ್ತಾರೆ?"

ಯಾವ ಊರೂ ಒಳಗೆ ಬಿಡದ ಮನುಷ್ಯ, ನಮ್ಮೂರ ಎಣಿಕೆ ತುಂಬಿಸಲು ತನ್ನ ಮರಿಗಳನ್ನು ಕೆಸರಿನಲ್ಲಿ ನಿಲ್ಲಿಸಿಕೊಂಡು ಕೂತಿದ್ದ. ಸಂಜೆ ಎಂಟೂ ಜನ ಶೇಷಪ್ಪನ ಅಂಗಳದಲ್ಲಿ ಸೇರಿದೆವು. ಲಸಿಕೆ ಎಲ್ಲರಿಗಿಂತ ಮೊದಲು ಬೇಕಾಗಿರುವುದು ಅವನಿಗೆ. ಮೂರು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾನೆ. ಅವನೇ ಹೇಳಿದ, "ನನ್ನ ಒಂದು ಸೂಜಿಗೆ ಅವನ ಮಂದೆ ಬಲಿ ಕೊಡಾದು ಬ್ಯಾಡ. ಕಳಿಸ್ರಿ ಅವ್ರನ್ನ." ಬೇರೆ ಯಾರೂ ಎದುರಾಡಲಿಲ್ಲ. ಆನವಟ್ಟಿಯ ಆಚೆ ದಾರಿಯಲ್ಲಿ ನನ್ನ ಬೀಗರಿದ್ದಾರೆ, ಶೇಷಪ್ಪನ ಅಕ್ಕನ ಮನೆಯಿದೆ. ಅವರಿಗೆಲ್ಲ ಫೋನ್ ಮಾಡಿ, ಬೈದು, ರಮಿಸಿ, ನಿಲ್ಲದೆ ದಾಟಿಹೋಗಲು ಒಂದೊಂದು ಊರಿನ ಬೇಲಿ ಸರಿಸಲು ಒಪ್ಪಿಸಿದೆವು. ಅದರಾಚೆ ದೇವರ ದಯೆ. ನಮ್ಮೂರ ಬೇಲಿಯನ್ನು ನಾವೇ ಕಿತ್ತೆವು.

ಇವತ್ತು ಬೆಳಿಗ್ಗೆ ಅವರು ಹೊರಟರು. ಉಜ್ಜಪ್ಪ ಹೋಗಲಾರೆನೆಂದು ಮತ್ತೆ ತಗಾದೆ ತೆಗೆದ. ನೀನು ಹೋಗದಿದ್ದರೆ ಮುಂದಿನ ವರ್ಷ ನನ್ನ ಗದ್ದೆಗೆ ಕಾಲಿಡಬೇಡ ಎಂದು ಗದರಿಸಿ ಕಳಿಸಬೇಕಾಯಿತು. ಮಹಾದೇವಮ್ಮ ಒಂದು ಡಬ್ಬಿ ಕಷಾಯದ ಪುಡಿ ತಂದಳು. ಈ ಸಲ ಬದುವಿನ ಮೇಲೆ ಇಡಲಿಲ್ಲ, ನಿಂಗಮ್ಮನ ಕೈಗೇ ಕೊಟ್ಟಳು. ನಿಂಗಮ್ಮ ನಡುಗುತ್ತಿದ್ದ ಒಂದು ಮರಿಯನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳು. ಸ್ವಲ್ಪ ದೂರ ಹೋದವಳು ತಿರುಗಿ ನಿಂತು, "ಅಮ್ಮಾರೆ, ಬಾಟ್ಲಿ ಬಂದ್ರೆ ನಂದೂ ಒಂದು ತೆಗ್ದಿಟ್ಟಿರ್ರಿ" ಎಂದು ಕೂಗಿದಳು. ಮಹಾದೇವಮ್ಮ ಹೂಂ ಎಂದು ಕೈಯೆತ್ತಿದಳು. ಹಾಗೆ ತೆಗೆದಿಡಲು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಒಳಗೆ ಬಂದು ಆಕೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನನಗೂ ಅಷ್ಟೇ ಸಂಕಟವಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅದಾದ ಮೇಲೆಯೇ ಈ ಪತ್ರ ಬರೆಯಲು ಕೂತದ್ದು.

ಹೀಗಾಗಿ ಮಾನ್ಯರೇ, ತಮ್ಮ ಕಾನೂನಿಗೆ ಹತ್ತು ಬೇಕಾಗಿದ್ದಲ್ಲಿ ನಾವೀಗ ಎಂಟು. ಎಂಟಕ್ಕೇ ಬಾಟಲಿ ತೆರೆಯಿರಿ ಎಂಬುದು ನಮ್ಮ ಬೇಡಿಕೆ. ಎರಡು ಡೋಸು ವ್ಯರ್ಥವಾದರೆ ಆಗಲಿ. ಎರಡು ಹನಿ ಔಷಧ ಚೆಲ್ಲಿದರೆ ತಾವು ಮೇಲಿನವರಿಗೆ ಉತ್ತರ ಹೇಳಬೇಕಂತೆ. ಎರಡು ಜೀವ ಕೈಬಿಟ್ಟರೆ ಯಾವ ಮೇಲಿನವರು ತಮ್ಮನ್ನು ಕೇಳುತ್ತಾರೆ? ಕೇಳುವುದಿದ್ದರೆ ಅವರ ವಿಳಾಸ ಕೊಡಿ, ಈ ಪತ್ರದ ಒಂದು ಪ್ರತಿ ಅವರಿಗೂ ಹಾಕುತ್ತೇನೆ.

ಆ ಎರಡು ಡೋಸು ಚೆಲ್ಲಲು ಮನಸ್ಸು ಬಾರದಿದ್ದರೆ ಇನ್ನೊಂದು ದಾರಿಯಿದೆ. ತಮ್ಮಲ್ಲಿ ಜೀಪಿದೆ, ಐಸಿನ ಪೆಟ್ಟಿಗೆಯಿದೆ, ಸೂಜಿ ಹಾಕುವವರಿದ್ದಾರೆ. ಉಜ್ಜಪ್ಪ ಮತ್ತು ನಿಂಗಮ್ಮ ಆನವಟ್ಟಿ ದಾಟಿ ಶಿಕಾರಿಪುರದ ಕಡೆಗೆ ನಡೆದು ಹೋಗುತ್ತಿದ್ದಾರೆ. ಮರಿಗಳಿರುವುದರಿಂದ ಬೇಗ ಬೇಗ ನಡೆಯಲಾರರು. ದಾರಿ ತುಂಬ ಕುರಿ ಇರುತ್ತದೆ, ಕಣ್ಣು ತಪ್ಪುವ ಮಾತೇ ಇಲ್ಲ. ಮುಂದೆ ರುಮಾಲಿನ ಮುದುಕ, ಹಿಂದೆ ಮಡಿಲಲ್ಲಿ ಮರಿ ಕಟ್ಟಿಕೊಂಡ ಹೆಂಗಸು. ಜೀಪು ನಿಲ್ಲಿಸಿ, ಯಾವ ತಾಲೂಕು ಎಂದು ಕೇಳದೆ, ಎಷ್ಟು ಜನ ಎಂದು ಕೇಳದೆ, ತೋಳು ಹಿಡಿದು ಹಾಕಿಬಿಡಿ. ಇವತ್ತೇ ಹೊರಡಿ. ಕಾಯಿಲೆಯೂ ಅದೇ ರಸ್ತೆಯಲ್ಲಿ ಓಡಾಡಿಕೊಂಡಿದೆ. ಅದು ಒಬ್ಬರೇ ಸಿಕ್ಕರೂ ಸಾಕು ಎನ್ನುತ್ತದೆ, ಹತ್ತು ಜನ ಸೇರಲಿ ಎಂದು ಕಾಯುವುದಿಲ್ಲ.

ಇಂತಿ,
ಸದ್ಯಕ್ಕೆ ಎಂಟರಲ್ಲಿ ಒಬ್ಬನಾಗಿ ಉಳಿದಿರುವ,
ಶಿವಮೂರ್ತಪ್ಪ
ಕುಪ್ಪಗಡ್ಡೆ ಕಡೆಯ ರೈತ